ಮೀನಿಲ್ಲದ ಅಕ್ವೇರಿಯಂಗೆ ಊಟ ಹಾಕಿದ ಆರು ವಾರ

ನನ್ನ ಗೆಳೆಯನ ಮನೆ ಬಸವೇಶ್ವರನಗರದಲ್ಲಿ, ನನ್ನದು ಮೂಡಲಪಾಳ್ಯದಲ್ಲಿ. ರಾಜಾಜಿನಗರದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಇಬ್ಬರೂ ಮೂವತ್ತೊಂದು ವರ್ಷ ಎದುರುಬದುರು ಬೆಂಚಿನಲ್ಲಿ ನಿಂತು ಕೆಲಸ ಮಾಡಿದವರು. ಆ ಮೂವತ್ತೊಂದು ವರ್ಷವೂ ನಾನು ಅವನಿಗೆ ಟೋಪಿ ಹಾಕುತ್ತಲೇ ಬಂದೆ. ಸ್ಟ್ಯಾಂಡಿನಲ್ಲಿ ಅವನು ನಿಲ್ಲಿಸಿದ ಸ್ಕೂಟರನ್ನು ದಿನಕ್ಕೆ ಒಂದೊಂದೇ ಗಾಡಿಯಷ್ಟು ಎಡಕ್ಕೆ ಸರಿಸಿ ಸರಿಸಿ, ತಿಂಗಳು ಮುಗಿಯುವುದರೊಳಗೆ ಅವನು ಕಣ್ಣಿನ ಡಾಕ್ಟರ ಹತ್ತಿರ ಹೋಗಿಬರುವಂತೆ ಮಾಡಿದವನು ನಾನು. ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರಂತೆ. ಅಲ್ಲಿಗೆ ಅವನು ತಲೆಯ ಡಾಕ್ಟರ ವಿಳಾಸ ಕೇಳತೊಡಗಿದ್ದರಿಂದ ನಾನೇ ಒಪ್ಪಿಕೊಳ್ಳಬೇಕಾಯಿತು. ಇಡೀ ಕಾರ್ಖಾನೆಯಲ್ಲಿ ನನ್ನಷ್ಟು ನಾಜೂಕಾಗಿ ಈ ಕೆಲಸ ಮಾಡುವವರು ಬೇರೆ ಯಾರೂ ಇರಲಿಲ್ಲ. ಇದು ನನ್ನ ಮಾತಲ್ಲ, ನನ್ನ ಬೀಳ್ಕೊಡುಗೆಯ ದಿನ ಫೋರ್‌ಮನ್ನರೇ ಹೇಳಿದ್ದು. ಅವರ ಮುಖದಲ್ಲಿ ಬೀಳ್ಕೊಡುವ ಖುಷಿ ಸ್ವಲ್ಪ ಹೆಚ್ಚೇ ಇತ್ತು ಎಂಬುದು ಬೇರೆ ಮಾತು.

ಈ ವರ್ಷ ಯುಗಾದಿ ಕಳೆದ ಮೇಲೆ ಗೆಳೆಯ ಒಂದು ಸುದ್ದಿ ಹೇಳಿದ. ಹಳೆಯ ಮನೆಯನ್ನು ಕೆಡವಿ ಹೊಸದು ಕಟ್ಟಿಸುತ್ತಾನಂತೆ. ಅದು ಮುಗಿಯುವವರೆಗೆ ಕೆಂಗೇರಿಯ ಕಡೆ ಎರಡನೆಯ ಮಹಡಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದಿದ್ದಾನೆ. ಆಷಾಢದಲ್ಲಿ ಮನೆ ಬದಲಾಯಿಸುವ ಪದ್ಧತಿ ಇಲ್ಲವಲ್ಲ, ಆದ್ದರಿಂದ ಜ್ಯೇಷ್ಠ ಮುಗಿಯುವುದರೊಳಗೆ ಸಾಮಾನು ಹೊರಬೇಕು. ಎಲ್ಲ ಸರಿಯಾಗಿತ್ತು, ಒಂದನ್ನು ಬಿಟ್ಟು. ಬಾಡಿಗೆ ಮನೆಯ ಮಾಲೀಕರು ನಾಯಿ ಬೇಡ, ಫಿಶ್ ಟ್ಯಾಂಕ್ ಬೇಡ ಎಂದು ಖಂಡಿತವಾಗಿ ಹೇಳಿದ್ದರು. ಹಿಂದೆ ಯಾರದೋ ಟ್ಯಾಂಕ್ ಒಡೆದು ಕೆಳಗಿನ ಮನೆಯ ಟಿವಿಯ ಮೇಲೆ ನೀರು ಸುರಿದಿತ್ತಂತೆ.

ಗೆಳೆಯನ ಹಾಲಿನಲ್ಲಿ ನಾಲ್ಕಡಿಯ ಅಕ್ವೇರಿಯಂ ಒಂದಿತ್ತು. ಅದು ಅವನದಲ್ಲ, ಅವನ ಹೆಂಡತಿಯದು. ಆಕೆ ತೀರಿಕೊಂಡು ಮೂರು ವರ್ಷ. ಅದರಲ್ಲಿ ಈಗ ಉಳಿದಿದ್ದವು ಎರಡು ಗೌರಾಮಿ ಮೀನು, ಮೈಯೆಲ್ಲ ಮುತ್ತು ಚೆಲ್ಲಿದ ಹಾಗೆ ಬಿಳಿ ಚುಕ್ಕೆ, ಒಂದು ಗಂಡು ಒಂದು ಹೆಣ್ಣು. ಮತ್ತು ತಳದಲ್ಲಿ ಮೀಸೆ ಆಡಿಸುತ್ತ ಮರಳು ಕೆದಕುವ ನಾಲ್ಕು ಪುಟಾಣಿ ಕೋರಿ ಮೀನು. ಗೌರಾಮಿಗಳನ್ನು ಆಕೆ ಹೆಬ್ಬೆರಳ ಉಗುರಿನಷ್ಟಿದ್ದಾಗ ತಂದು ಸಾಕಿದ್ದು. ಅಂಗಡಿಗೆ ವಾಪಸ್ಸು ಕೊಟ್ಟರೆ ಪುಕ್ಕಟೆ ತೆಗೆದುಕೊಳ್ಳುತ್ತಾರೆ, ಆದರೆ ಒಂದನ್ನು ಒಬ್ಬರಿಗೆ ಇನ್ನೊಂದನ್ನು ಇನ್ನೊಬ್ಬರಿಗೆ ಮಾರುತ್ತಾರೆ. ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ, ಕಿಟಕಿಯ ಸರಳು ನೋಡಿದ.

"ನಂಗ್ ಕೊಡು," ಎಂದೆ.

"ನಿಂಗಾ?"

"ಹೂಂ ಕಣೋ. ಹೊಸಾ ಟ್ಯಾಂಕ್ ಇಡ್ತೀನಿ. ಮೀನು ಸಾಕೋದೇನ್ ದೊಡ್ಡ ವಿದ್ಯೆನಾ?"

"ನಿನ್ ಕೈಗ್ ಕೊಡೋಕಿಂತ ಮಲ್ಲತ್ತಳ್ಳಿ ಕೆರೇಗ್ ಬಿಡೋದು ವಾಸಿ," ಎಂದ.

ಅವನು ಹಾಗೆ ಹೇಳಲು ಕಾರಣವಿತ್ತು. ಹಲವು ವರ್ಷಗಳ ಹಿಂದೆ, ಅವರ ಮನೆಯಲ್ಲಿ ಒಂದೇ ಒಂದು ಗೋಲ್ಡ್ ಫಿಶ್ ಇದ್ದ ಕಾಲದಲ್ಲಿ, ಗಂಡಹೆಂಡತಿ ಮದುವೆಗೆಂದು ಮಂಡ್ಯಕ್ಕೆ ಹೋಗುವಾಗ ಊಟ ಹಾಕು ಎಂದು ನನಗೆ ಬೀಗದಕೈ ಕೊಟ್ಟಿದ್ದರು. ನಾನು ಒಂದು ಕ್ಯಾರೆಟ್ಟನ್ನು ತೆಗೆದುಕೊಂಡು, ರೆಕ್ಕೆ ಬಾಲ ಎಲ್ಲ ಬರುವ ಹಾಗೆ ಸಣ್ಣ ಅರದಿಂದ ಕೊರೆದು, ನಿಜವಾದ ಮೀನನ್ನು ಬಕೆಟ್ಟಿಗೆ ಬಿಟ್ಟು, ಕ್ಯಾರೆಟ್ ಮೀನನ್ನು ಟ್ಯಾಂಕಿನಲ್ಲಿ ಮಗ್ಗುಲಾಗಿ ತೇಲಿಸಿಟ್ಟೆ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಒಂದು ಕ್ಷಣ ನನಗೇ ಅಯ್ಯೋ ಅನ್ನಿಸಿತು. ಬಂದವರು ಬಾಗಿಲಲ್ಲೇ ನಿಂತರು. ಆಕೆ ಅತ್ತಳು. ನಾನು ಬಕೆಟ್ ತೋರಿಸಿದ ಮೇಲೂ ಅಳು ನಿಲ್ಲಲಿಲ್ಲ. ಮಾರನೆಯ ದಿನ ಆಕೆ ಅದೇ ಕ್ಯಾರೆಟ್ ಹಾಕಿ ಹುಳಿ ಮಾಡಿ ಡಬ್ಬಿಯಲ್ಲಿ ನನಗೆ ಕಳಿಸಿದಳು, ಹಾಗಾಗಿ ನಮ್ಮಿಬ್ಬರದು ಚುಕ್ತಾ ಆಯಿತು. ಗೆಳೆಯನದು ಆಗಲಿಲ್ಲ. ಅವನು ಆ ದಿನ ಆಕೆಯನ್ನು ಸಮಾಧಾನ ಮಾಡಲು ಪಟ್ಟ ಪಾಡು ಅವನಿಗೇ ಗೊತ್ತು.

ಎರಡು ದಿನ ಬಿಟ್ಟು ಅವನೇ ಫೋನ್ ಮಾಡಿ ಷರತ್ತು ಹೇಳಿದ. ಟ್ಯಾಂಕ್ ಇಡು, ನೀರು ಹದಕ್ಕೆ ತಾ. ಅಮೋನಿಯಾ ಪರೀಕ್ಷೆ ಮಾಡುವ ಕಿಟ್ ಸಿಗುತ್ತದೆ. ಒಂದು ಕೊಳವೆ ನೀರಿಗೆ ಅದರ ಹನಿ ಹಾಕಿದಾಗ ಹಳದಿಯಾದರೆ ಒಳ್ಳೆಯದು, ಹಸಿರಾದರೆ ವಿಷ. ಒಂದೇ ಸಮನೆ ಏಳು ದಿನ ಹಳದಿ ಬಂದರೆ ಮೀನು ಕೊಡುವುದನ್ನು ಯೋಚಿಸುತ್ತೇನೆ. ಆಷಾಢದೊಳಗೆ ಬರದಿದ್ದರೆ ಅಂಗಡಿಗೆ.

ಕಬ್ಬಿಣದ ಕೆಲಸ ನನಗೆ ಮೀನಿಗೆ ಈಜು ಬಂದ ಹಾಗೆ. ಹೆಗ್ಗನಹಳ್ಳಿಯ ಪರಿಚಯದ ವರ್ಕ್‌ಶಾಪಿನಲ್ಲಿ ನಾನೇ ನಿಂತು ಸ್ಟ್ಯಾಂಡ್ ವೆಲ್ಡ್ ಮಾಡಿದೆ. ಹಾಲಿನ ಮೂಲೆಯಲ್ಲಿಟ್ಟು ರಸಮಟ್ಟ ಹಿಡಿದೆ, ಗುಳ್ಳೆ ಕೂದಲೆಳೆಯಷ್ಟೂ ಅತ್ತಿತ್ತ ಹೋಗಲಿಲ್ಲ. ಮೇಲೆ ಥರ್ಮಾಕೋಲ್ ಹಾಳೆ, ಅದರ ಮೇಲೆ ಮೂರಡಿಯ ಗಾಜಿನ ಟ್ಯಾಂಕ್. ಜಲ್ಲಿಯನ್ನು ಹನ್ನೊಂದು ಸಲ ತೊಳೆದು, ಅದರಲ್ಲಿ ಎರಡು ನೀರುಗಿಡ ನೆಟ್ಟೆ. ನೆಂಟರು ಬಂದರೆ ಇವತ್ತಿಗೂ ಮೀನು ತೋರಿಸುವ ಮೊದಲು ಸ್ಟ್ಯಾಂಡ್ ತೋರಿಸುತ್ತೇನೆ.

ಗೊಂದಲ ಶುರುವಾದದ್ದು ನೀರು ತುಂಬಿದ ಮೇಲೆ. ಟ್ಯಾಂಕ್ ಕೊಂಡಿದ್ದು ವಿಜಯನಗರದ ಒಂದು ಅಂಗಡಿಯಲ್ಲಿ. ಅದರ ಒಡತಿ ಐವತ್ತರ ಹೆಂಗಸು, ಮಾತಾಡುವಾಗಲೂ ಕೈಯಲ್ಲಿ ಬಲೆ ಹಿಡಿದೇ ಇರುತ್ತಿದ್ದರು. ಗೌರಾಮಿಗಳ ಜೊತೆಗಿರಲಿ ಎಂದು ನಾನು ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನು ಎಂಟು ಕೇಳಿದರೆ, ಕೊಡುವುದಿಲ್ಲ ಎಂದರು. ಅಂಗಡಿಯಲ್ಲಿ ಮಾಲು ಇಟ್ಟುಕೊಂಡು ಕೊಡುವುದಿಲ್ಲ ಎಂದವರನ್ನು ನಾನು ಕಂಡಿರಲಿಲ್ಲ. ಯಾರೋ ನನಗೇ ಟೋಪಿ ಹಾಕಲು ಇವರಿಗೆ ಹೇಳಿಕೊಟ್ಟಿರಬೇಕು ಎಂದು ಅಂಗಡಿಯ ಹೊರಗೆಲ್ಲ ಒಮ್ಮೆ ಕಣ್ಣಾಡಿಸಿದೆ.

ಅವರು ವಿವರಿಸಿದರು. ಮೀನಿನ ಹೊಲಸಿನಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಅದನ್ನು ತಿನ್ನುವ ಒಂದು ಬಗೆಯ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯಬೇಕು. ಅವು ತಿಂದು ಬಿಟ್ಟದ್ದೂ ವಿಷವೇ, ಅದನ್ನು ತಿನ್ನಲು ಇನ್ನೊಂದು ಬಗೆಯವು ಬರಬೇಕು. ಇದಕ್ಕೆಲ್ಲ ಐದಾರು ವಾರ. ಅಲ್ಲಿಯವರೆಗೆ ಖಾಲಿ ನೀರಿಗೆ ದಿನಾ ಒಂದು ಚಿಟಿಕೆ ಮೀನಿನ ಊಟ ಹಾಕುತ್ತಿರಬೇಕು.

"ಮೀನೇ ಇಲ್ವಲ್ಲಮ್ಮ. ಊಟ ಯಾರಿಗೆ?"

"ಯಾರಿಗೂ ಅಲ್ಲ ಅಂಕಲ್. ಅದು ಕೊಳೀಬೇಕು."

ನಾನು ತಲೆಯಾಡಿಸಿ ಬಂದೆ. ಅರ್ಥವಾದವನ ಹಾಗೆ ತಲೆಯಾಡಿಸುವುದು ನನಗೆ ಚೆನ್ನಾಗಿ ಬರುತ್ತದೆ. ದಾರಿಯುದ್ದಕ್ಕೂ ಯಾವುದು ಯಾವುದನ್ನು ತಿನ್ನುತ್ತದೆ ಎಂದು ಬೆರಳು ಮಡಿಸುತ್ತ ಬಂದವನು, ಮನೆಯ ಗೇಟಿಗೆ ಬರುವಷ್ಟರಲ್ಲಿ ಬ್ಯಾಕ್ಟೀರಿಯಾವನ್ನು ಮೀನಿಗೆ ತಿನ್ನಿಸಿಬಿಟ್ಟಿದ್ದೆ.

ನನ್ನ ಹೆಂಡತಿಗೆ ನನ್ನದೇ ಭಾಷೆಯಲ್ಲಿ ಹೇಳಿದೆ: ಸ್ಪಂಜಿನೊಳಗೆ ಹೊಸ ಬಾಡಿಗೆದಾರರು ಬಂದಿದ್ದಾರೆ, ಲಕ್ಷಗಟ್ಟಲೆ ಜನ, ಕಣ್ಣಿಗೆ ಕಾಣುವುದಿಲ್ಲ, ಬಾಡಿಗೆಯ ಬದಲು ವಿಷ ಕುಡಿಯುತ್ತಾರೆ, ಅವರ ಮನೆಯ ಬಾಗಿಲು ತಟ್ಟಬೇಡ. ಅವಳು ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ. ನಲವತ್ತು ವರ್ಷ ನನ್ನ ಜೊತೆ ಬಾಳಿದ ಹೆಂಗಸಿಗೆ ಕಿವಿಯ ಒಂದು ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ.

ಖಾಲಿ ಟ್ಯಾಂಕಿಗೆ ದಿನಾ ಬೆಳಿಗ್ಗೆ ಊಟ ಹಾಕುವ ನನ್ನನ್ನು ಬೀದಿಯವರು ಕಿಟಕಿಯಿಂದ ನೋಡಿದರು. ಎದುರು ಮನೆಯ ಆಂಟಿ ಕೇಳಿಯೇ ಬಿಟ್ಟರು. ಗಾಜಿನ ಮೀನು ಆಂಟಿ, ಮೈಯೆಲ್ಲ ಗಾಜಿನ ಥರ, ತಾಳ್ಮೆಯಿಂದ ನೋಡಿದವರಿಗೆ ಮಾತ್ರ ಕಾಣುತ್ತವೆ ಎಂದೆ. ಅವರು ಹತ್ತು ನಿಮಿಷ ಬಗ್ಗಿ ನಿಂತು, ಬಲಗಡೆಯ ಗಿಡದ ಹತ್ತಿರ ಒಂದನ್ನು ಕಂಡರು. ಮಾರನೆಯ ದಿನ ತಂಗಿಯನ್ನೂ ಕರೆದುಕೊಂಡು ಬಂದರು. ತಂಗಿಗೆ ಎರಡು ಕಂಡವು.

ನಾನು ಎರಡು ದಿನ ಈ ಗೆಲುವಿನಲ್ಲಿ ತೇಲಾಡಿದೆ. ಮೂರನೆಯ ದಿನ ಬೆಳಿಗ್ಗೆ ಊಟ ಹಾಕುವಾಗ ಬಲಗಡೆಯ ಗಿಡದ ಹತ್ತಿರ ನಿಜವಾಗಿಯೂ ಏನೋ ಅಲುಗಿತು. ಕನ್ನಡಕ ಒರೆಸಿಕೊಂಡು ನೋಡಿದೆ, ಮತ್ತೆ ಅಲುಗಿತು. ನಾನು ಹೇಳಿದ ಸುಳ್ಳು ನೀರಿನಲ್ಲಿ ಮೊಟ್ಟೆಯಿಟ್ಟು ಮರಿ ಮಾಡಿತೇ ಎಂದು ಕುರ್ಚಿ ಎಳೆದುಕೊಂಡು ಕುಳಿತೆ. ಗಿಡದ ಜೊತೆ ಅಂಗಡಿಯಿಂದ ಬಂದ ಬಸವನಹುಳು ಎಂದು ಗೊತ್ತಾಗುವುದರೊಳಗೆ ಇಡೀ ಬೆಳಗು ಕಳೆದಿತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಅಸಲಿ ತಲೆನೋವು ಬೇರೆ. ದಿನಾ ನೀರು ಪರೀಕ್ಷೆ ಮಾಡಿ, ಬಂದ ಬಣ್ಣವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಮೇಲೆ ಸ್ಕೆಚ್ ಪೆನ್ನಿನಿಂದ ಬಳಿಯುತ್ತಿದ್ದೆ. ಮೊದಲ ಮೂರು ವಾರ ಹಸಿರು, ಕಡು ಹಸಿರು. ಅದು ಸರಿಯೇ, ಅಂಗಡಿಯವರೂ ಹಾಗೇ ಹೇಳಿದ್ದರು. ಆಮೇಲೆ ಬಣ್ಣ ತಿಳಿಯಾಗತೊಡಗಿತು. ನಾಲ್ಕನೆಯ ವಾರದ ಗುರುವಾರ ಹೆಚ್ಚುಕಡಿಮೆ ಹಳದಿ ಬಂತು. ಗೆಳೆಯನಿಗೆ ಫೋಟೋ ಕಳಿಸಿದೆ. ಅರಿಶಿನ ಕಲಸಿ ಕಳಿಸಬೇಡ ಎಂದು ಉತ್ತರ ಬರೆದ. ಶನಿವಾರ ನೋಡಿದರೆ ಮತ್ತೆ ಹಸಿರು. ಐದನೆಯ ವಾರವೂ ಹಾಗೆಯೇ: ಗುರುವಾರಕ್ಕೆ ಇಳಿಯುತ್ತದೆ, ಶನಿವಾರ ಏರುತ್ತದೆ.

ವಾರ ನೋಡಿ ಬದಲಾಗುವ ನೀರನ್ನು ನಾನು ಎಲ್ಲೂ ಕಂಡಿರಲಿಲ್ಲ. ಕಾವೇರಿ ನೀರಿನ ಮೇಲೆ ಅನುಮಾನ ಬಂತು. ನಮ್ಮ ಬೀದಿಗೆ ನಲ್ಲಿ ದಿನ ಬಿಟ್ಟು ದಿನ ಬರುತ್ತದೆ. ಆ ವಾರ ಟ್ಯಾಂಕಿನ ಒಂದು ಲೋಟ ನೀರನ್ನೂ ಬದಲಿಸಲಿಲ್ಲ. ಆದರೂ ಹಸಿರು. ಕಿಟ್ಟಿನ ಮೇಲೆ ಅನುಮಾನ ಬಂತು; ಕುಡಿಯುವ ನೀರಿಗೆ ಹನಿ ಹಾಕಿದೆ, ಬಂಗಾರದಂಥ ಹಳದಿ. ಕೊನೆಗೆ ಗೆಳೆಯನ ಮೇಲೆಯೇ ಅನುಮಾನ ಬಂತು. ಆದರೆ ಅವನು ಹೇಗೆ ಮಾಡಿಯಾನು? ಶುಕ್ರವಾರ ಬೆಳಿಗ್ಗೆ ಅವನ ಮನೆಯ ಸಾಮಾನು ಕಟ್ಟಲು ನಾನು ಹೋಗುತ್ತಿದ್ದೆ. ಅವನು ನನ್ನ ಕಣ್ಣೆದುರೇ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿರುತ್ತಿದ್ದ. ಅಷ್ಟು ಒಳ್ಳೆಯ ಸಾಕ್ಷಿ ಇರುವುದೇ ಅನುಮಾನಕ್ಕೆ ಕಾರಣ ಎಂದು ಇನ್ನಷ್ಟು ತಲೆ ಕೆಡಿಸಿಕೊಂಡೆ. ಮೂವತ್ತೊಂದು ವರ್ಷದ ಸೇಡನ್ನು ಒಬ್ಬ ಮನುಷ್ಯ ಬಣ್ಣದ ನೀರಿನಲ್ಲಿ ತೀರಿಸಿಕೊಳ್ಳಬಹುದೇ? ನಾನಾಗಿದ್ದರೆ ತೀರಿಸಿಕೊಳ್ಳುತ್ತಿದ್ದೆ.

ಆರನೆಯ ವಾರದ ಶುಕ್ರವಾರ ನಾನು ಹೋದಾಗ ಅವನು ಕರೆಂಟು ಮೀಟರಿನ ಕೆಲಸಕ್ಕೆ ಆಫೀಸಿಗೆ ಹೋಗಿದ್ದ. ಬೀಗ ನೋಡಿ ವಾಪಸ್ಸು ಬಂದೆ. ನಮ್ಮ ಮನೆಯ ಹಿಂದಿನ ಒಗೆಯುವ ಕಲ್ಲಿನ ಹತ್ತಿರ ಬ್ರಷ್ಷಿನ ಸದ್ದು ಕೇಳುತ್ತಿತ್ತು. ಹೋಗಿ ನೋಡಿದರೆ ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು, ಸೋಲಾರಿನ ಬಿಸಿನೀರು ಬಕೆಟ್ಟಿನಲ್ಲಿಟ್ಟುಕೊಂಡು, ಫಿಲ್ಟರಿನ ಸ್ಪಂಜನ್ನು ಕಲ್ಲಿನ ಮೇಲೆ ಹಾಕಿ ಉಜ್ಜುತ್ತಿದ್ದಳು. ಪಕ್ಕದಲ್ಲಿ ದೇವರ ಮನೆಯ ದೀಪದ ಕಂಬಗಳು, ಹೊಸ್ತಿಲು ಒರೆಸುವ ಬಟ್ಟೆ, ಬಾಗಿಲ ಮುಂದಿನ ಮ್ಯಾಟು. ಸ್ಪಂಜಿನಿಂದ ಕಂದು ಬಣ್ಣದ ಲೋಳೆ ಇಳಿದು ಮೋರಿಗೆ ಹರಿಯುತ್ತಿತ್ತು. ಅದನ್ನು ಹಿಂಡಿ, ತಂತಿಯ ಮೇಲೆ ಬಿಸಿಲಿಗೆ ಹಾಕಿ, ಗಾಳಿಗೆ ಹಾರದಿರಲೆಂದು ಎರಡು ಕ್ಲಿಪ್ಪು ಸಿಕ್ಕಿಸಿದಳು.

ನಾನು ತಂತಿಯ ಮೇಲಿನ ಸ್ಪಂಜಿನ ಕಡೆ ಬೆರಳು ತೋರಿಸಿದೆ.

"ಏನೇ ಇದು?"

"ಏನಂದ್ರೆ? ಶುಕ್ರವಾರ ಅಲ್ವಾ? ಮನೇಲಿ ಅಷ್ಟು ಲೋಳೆ ಇಟ್ಕೊಂಡು ಹೆಂಗ್ರೀ ದೀಪ ಹಚ್ಚೋದು? ನೀವಂತೂ ಒಂದಿನಾನೂ ತೊಳೀಲಿಲ್ಲ."

"ಪ್ರತಿ ಶುಕ್ರವಾರಾನೂ?"

"ನಾಲ್ಕು ವಾರದಿಂದ. ಒಣಗಿಸಿ ಮಧ್ಯಾಹ್ನಕ್ಕೆ ವಾಪಸ್ ಹಾಕ್ತೀನಿ. ನೀವು ಬರೋದ್ರೊಳಗೆ."

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಹೇಳಿದೆ, ಅವಳಿಗೆ ಅರ್ಥವಾಗುವ ಹಾಗೆ, ಒಂದೂ ತಮಾಷೆ ಸೇರಿಸದೆ. ಆ ಲೋಳೆಯೇ ಆ ಬ್ಯಾಕ್ಟೀರಿಯಾ. ಅದು ಬೆಳೆಯಲೆಂದೇ ಇಷ್ಟು ದಿನ ಕಾದದ್ದು. ಬಿಸಿನೀರಿಗೆ ಅದು ಸಾಯುತ್ತದೆ, ಉಳಿದದ್ದು ಬಿಸಿಲಿಗೆ ಸಾಯುತ್ತದೆ. ವಾರವಿಡೀ ಹುಟ್ಟಿದ್ದು ಶುಕ್ರವಾರ ಮೋರಿಗೆ ಹೋಗುತ್ತಿತ್ತು, ಅದಕ್ಕೇ ಶನಿವಾರ ಹಸಿರು.

"ನಿಂಗ್ ಹೇಳಿದ್ನಲ್ಲೇ, ಬಾಡಿಗೆದಾರರು ಅಂತ," ಎಂದೆ.

ಅವಳು ಬ್ರಷ್ಷನ್ನು ಕೆಳಗಿಟ್ಟಳು. "ಹೇಳಿದ್ರಿ. ಎದುರು ಮನೆಯವ್ರಿಗೆ ಗಾಜಿನ ಮೀನು ಅಂತಾನೂ ಹೇಳಿದ್ರಿ. ನೀವ್ ಹೇಳೋದ್ರಲ್ಲಿ ಯಾವ್ದು ನಿಜ ಅಂತ ನಾನ್ ಹೆಂಗ್ರೀ ತಿಳ್ಕೊಳ್ಲಿ?"

ಅವಳು ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು. ತಂತಿಯ ಮೇಲಿನ ಸ್ಪಂಜಿನಿಂದ ಶುಭ್ರವಾದ ನೀರು ತೊಟ್ಟಿಕ್ಕುತ್ತಿತ್ತು. ಆಷಾಢಕ್ಕೆ ಹನ್ನೆರಡು ದಿನ ಉಳಿದಿತ್ತು.

ಆ ಸಂಜೆಯೇ ವಿಜಯನಗರಕ್ಕೆ ಹೋದೆ. ಅಂಗಡಿಯವರು ಕಥೆ ಕೇಳಿ ನಗಲಿಲ್ಲ. ಇಂಥದ್ದನ್ನು ಬಹಳ ಕಂಡವರ ಹಾಗೆ ಬಲೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. ಹೊಸದಾಗಿ ಬೆಳೆಸಲು ಈಗ ಸಮಯವಿಲ್ಲ, ಇರುವುದು ಒಂದೇ ದಾರಿ: ಬಹಳ ದಿನದಿಂದ ಮೀನು ಬಾಳುತ್ತಿರುವ ಹಳೆಯ ಟ್ಯಾಂಕಿನ ಸ್ಪಂಜು, ತೊಳೆಯದೆ, ಒಣಗಲು ಬಿಡದೆ, ಅದೇ ಟ್ಯಾಂಕಿನ ನೀರಿನಲ್ಲಿ ಮುಳುಗಿಸಿ ತಂದು ನಿಮ್ಮ ಫಿಲ್ಟರಿಗೆ ಹಾಕಿ ಎಂದರು.

ನನಗೆ ಗೊತ್ತಿದ್ದ ಹಳೆಯ ಟ್ಯಾಂಕ್ ಒಂದೇ. ಗೆಳೆಯನಿಗೆ ಫೋನ್ ಮಾಡಿದೆ.

"ಲೋ, ನಿನ್ ಟ್ಯಾಂಕಿನ್ ಕೊಳೆ ಬೇಕು ಕಣೋ. ಅರ್ಧ ಸ್ಪಂಜು ಕತ್ತರಿಸಿ ಕೊಡು. ತೊಳೀಬೇಡ."

ಅವನು ಬಹಳ ಮೆಲ್ಲಗೆ ಹೇಳಿದ: "ಅವ್ಳು ಹಾಕಿದ್ ಸ್ಪಂಜು ಅದು. ಅದ್ರಲ್ಲೂ ನಿಂಗೆ ತಮಾಷೆ ಬೇಕಾ?" ಫೋನ್ ಇಟ್ಟ.

ಮತ್ತೆ ಮಾಡಿದೆ, ಎತ್ತಲಿಲ್ಲ. ಮೆಸೇಜಿನಲ್ಲಿ ಬರೆಯಲು ಕುಳಿತೆ. ನಿಜವಾಗಿಯೂ ಎಂದು ಬರೆದೆ, ಅಳಿಸಿದೆ. ದೇವರಾಣೆ ಎಂದು ಬರೆದೆ. ಸ್ಕೂಟರಿನ ವಿಷಯದಲ್ಲೂ ದೇವರಾಣೆ ಹಾಕಿದ್ದೆ, ಅದನ್ನೂ ಅಳಿಸಿದೆ. ಒಬ್ಬ ಮನುಷ್ಯ ಸತ್ಯ ಹೇಳುವಾಗ ಯಾವ ಯಾವ ಪದ ಬಳಸುತ್ತಾನೋ ಅವೆಲ್ಲವನ್ನೂ ನಾನು ಹಿಂದೆಯೇ ಬೇರೆ ಕೆಲಸಕ್ಕೆ ಬಳಸಿ ಸವೆಸಿದ್ದೆ. ನನ್ನ ಹತ್ತಿರ ಹೊಸ ಪದ ಇರಲಿಲ್ಲ. ಹೆಮ್ಮೆ ಪಡಬೇಕೋ ನಾಚಿಕೆ ಪಡಬೇಕೋ ತಿಳಿಯದೆ ಫೋನನ್ನು ಸೋಫಾದ ಮೇಲಿಟ್ಟೆ.

ಅದನ್ನು ನನ್ನ ಹೆಂಡತಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅವಳ ಕರೆಯನ್ನು ಅವನು ಎತ್ತಿದ್ದು ಹೇಗೆಂದು ಆಮೇಲೆ ಗೊತ್ತಾಯಿತು. ತನ್ನ ಫೋನಿನಿಂದಲೇ ಮಾಡಿದ್ದಳು, ನನ್ನದನ್ನು ತೆಗೆದುಕೊಂಡು ಹೋದದ್ದು ನಾನು ನಡುವೆ ಬಾಯಿ ಹಾಕದಿರಲೆಂದು. ಹೇಳಿದ್ದು ಮೂರೇ ಮಾತು, ನನಗೆ ಕೇಳಿಸಿತು. "ಅಣ್ಣ, ತಪ್ಪು ನಂದು. ಪ್ರತಿ ಶುಕ್ರವಾರ ನಾನೇ ತೊಳೆದು ಒಣಗಿಸ್ಬಿಟ್ಟೆ. ನಿಮ್ಮನೇದು ಸ್ವಲ್ಪ ಕೊಟ್ರೆ ಮೀನು ಉಳೀತವೆ."

ಮಾರನೆಯ ಬೆಳಿಗ್ಗೆ ಆಟೋ ನಿಂತಿತು. ಗೆಳೆಯ ಇಳಿದ, ಎರಡೂ ಕೈಯಲ್ಲಿ ಮುಚ್ಚಳವಿರುವ ಸ್ಟೀಲ್ ಡಬ್ಬಿ. ಅದು ಅವನು ಕಾರ್ಖಾನೆಗೆ ಊಟ ತರುತ್ತಿದ್ದ ಡಬ್ಬಿಯೇ. ಒಳಗೆ ಟ್ಯಾಂಕಿನ ನೀರು, ಅದರಲ್ಲಿ ಅರ್ಧ ಸ್ಪಂಜು, ಕಾಫಿ ಗಸಿಯಂತೆ ಕಪ್ಪಾಗಿತ್ತು. ನನ್ನನ್ನು ನೋಡದೆ ಸೀದಾ ಟ್ಯಾಂಕಿನ ಹತ್ತಿರ ಹೋಗಿ, ತೋಳು ಮಡಿಸಿ, ಒಂದಿಷ್ಟನ್ನು ನೀರಿನೊಳಗೇ ಹಿಂಡಿ, ಉಳಿದದ್ದನ್ನು ಫಿಲ್ಟರಿನೊಳಗೆ ತುರುಕಿದ. ಹನ್ನೊಂದು ಸಲ ತೊಳೆದ ನನ್ನ ಜಲ್ಲಿಯ ಮೇಲೆ ಕಂದು ಮೋಡ ಇಳಿಯಿತು. ನನ್ನ ಹೆಂಡತಿ ಅದನ್ನು ನೋಡಲಾರದೆ ಕಾಫಿ ಮಾಡಲು ಹೋದಳು.

ಮರುದಿನ ಹನಿ ಹಾಕಿದರೆ ತಿಳಿ ಹಸಿರು. ಅದರ ಮರುದಿನ ಹಳದಿ. ಮತ್ತೆ ಹಳದಿ. ನನಗೆ ನಂಬಿಕೆ ಬರದೆ ದಿನಕ್ಕೆ ಎರಡು ಸಲ ಪರೀಕ್ಷಿಸಿದೆ. ಫೋಟೋವನ್ನು ನಾನು ತೆಗೆಯುತ್ತಿದ್ದೆ, ಕಳಿಸುತ್ತಿದ್ದವಳು ನನ್ನ ಹೆಂಡತಿ.

ನಡುವೆ ಶುಕ್ರವಾರ ಬಂತು. ಅಂದು ಅವಳು ಬೆಳಿಗ್ಗೆಯೇ ದೀಪದ ಕಂಬ ತೊಳೆದಳು, ಹೊಸ್ತಿಲು ತೊಳೆದಳು, ಮ್ಯಾಟು ತೊಳೆದಳು. ಆಮೇಲೆ ಟ್ಯಾಂಕಿನ ಮುಂದೆ ಬಂದು ನಿಂತಳು. ಫಿಲ್ಟರಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಅವಳ ಕೈ ಎಷ್ಟು ಕಷ್ಟಪಟ್ಟು ಸುಮ್ಮನಿತ್ತೆಂಬುದು ನನಗೆ ಕಾಣುತ್ತಿತ್ತು. ಕೊನೆಗೆ ಒಳಗಿನಿಂದ ಕುಂಕುಮ ತಂದು ಗಾಜಿನ ಹೊರಗೆ, ಫಿಲ್ಟರ್ ಇದ್ದ ಮೂಲೆಗೆ ಒಂದು ಬೊಟ್ಟು ಇಟ್ಟು ಹೋದಳು. ಅದು ಪೂಜೆಯೋ ಎಚ್ಚರಿಕೆಯೋ ನಾನು ಕೇಳಲಿಲ್ಲ.

ಶನಿವಾರ ಹಳದಿ. ಭಾನುವಾರಕ್ಕೆ ಏಳು ದಿನ ತುಂಬಿತು. ಸೋಮವಾರ ಗೆಳೆಯನ ಸಾಮಾನು ಕೆಂಗೇರಿಗೆ ಹೊರಡುವುದಿತ್ತು. ಅದಕ್ಕೆ ಮೊದಲು ಅವನು ಮುಚ್ಚಳವಿರುವ ಬಿಳಿ ಬಕೆಟ್ಟಿನಲ್ಲಿ ಮೀನು ತಂದ. ನಾನು ಬಾಗಿಲಲ್ಲೇ ಕೈ ಚಾಚಿದೆ. ಅವನು ನನ್ನನ್ನು ಬಳಸಿಕೊಂಡು ಹೋಗಿ ಬಕೆಟ್ಟನ್ನು ನನ್ನ ಹೆಂಡತಿಯ ಮುಂದೆ ಇಟ್ಟ.

"ನೋಡಮ್ಮ, ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ. ಚಿಟಿಕೆ ಅಷ್ಟೇ. ನೀನೇ ಹಾಕು."

"ನಾನಾ? ನಾನೇ ಅಲ್ವಾ ಅಣ್ಣ ಎಲ್ಲಾ ಹಾಳ್ ಮಾಡಿದ್ದು?"

"ಮಾಡ್ದೆ ಅಂತ ನೀನೇ ಹೇಳಿದ್ಯಲ್ಲಮ್ಮ," ಎಂದ.

ಸ್ಟ್ಯಾಂಡ್ ಕಟ್ಟಿದವನು ನಾನು, ಜಲ್ಲಿ ತೊಳೆದವನು ನಾನು, ಆರು ವಾರ ಯಾರಿಗೂ ಅಲ್ಲದ ಊಟ ಹಾಕಿದವನು ನಾನು. ಬಲೆ ಮಾತ್ರ ಅವಳ ಕೈಗೆ ಹೋಯಿತು. ಇದು ನ್ಯಾಯವೋ ಅಲ್ಲವೋ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ.

ಕೋರಿಗಳು ಇಳಿದ ಕೂಡಲೇ ಜಲ್ಲಿ ಕೆದಕಲು ಶುರು ಮಾಡಿದವು. ಗೌರಾಮಿಗಳು ಹಾಗಲ್ಲ. ಎರಡೂ ಫಿಲ್ಟರಿನ ಹಿಂದೆ ಒತ್ತೊತ್ತಾಗಿ ನಿಂತು, ಎರಡು ದಿನ ಹೊರಗೆ ಬರಲಿಲ್ಲ, ತಿನ್ನಲಿಲ್ಲ. ಅದನ್ನು ಫೋನಿನಲ್ಲಿ ಹೇಳಿದವಳು ನನ್ನ ಹೆಂಡತಿ. ಗೆಳೆಯ ಆ ಎರಡು ದಿನವೂ ಗಂಟೆಗೊಮ್ಮೆ ಕೇಳಿದ. ಮೂರನೆಯ ದಿನ ಬೆಳಿಗ್ಗೆ ಅವಳು ಸೊಪ್ಪು ತರಲು ಹೋಗಿದ್ದಾಗ ಹೆಣ್ಣು ಗೌರಾಮಿ ಮೆಲ್ಲಗೆ ಹೊರಗೆ ಬಂದು, ತೇಲುತ್ತಿದ್ದ ಒಂದು ಚೂರನ್ನು ಬಾಯಿಗೆಳೆದುಕೊಂಡಿತು. ಆಮೇಲೆ ಗಂಡು ಬಂತು. ನಾನು ಫೋನ್ ಮಾಡಿದೆ.

"ತಿಂತು ಕಣೋ."

"ನಿನ್ ಹೆಂಡ್ತಿಗ್ ಕೊಡು ಫೋನು."

"ಮನೇಲಿಲ್ಲ."

"ಯಾವ್ದು ಮೊದ್ಲು ತಿಂತು?"

"ಹೆಣ್ಣು."

ಅವನು ಉಸಿರು ಬಿಟ್ಟ ಸದ್ದು ಕೇಳಿಸಿತು. "ಇಷ್ಟ್ ವರ್ಷದಲ್ಲಿ ಅದು ಒಂದಿನಾನೂ ಮೊದ್ಲು ತಿಂದಿಲ್ಲ. ಗಂಡು ತಿಂದ್ಮೇಲೇ ಅದು ತಿನ್ನೋದು. ಸುಳ್ಳಾದ್ರೂ ಸರಿಯಾಗ್ ಹೇಳೋ."

ಸುಳ್ಳು ಹೇಳುವಾಗ ನಾನು ಇಂಥ ತಪ್ಪು ಮಾಡುವವನಲ್ಲ ಎಂದು ಹೇಳಬೇಕೆನಿಸಿತು, ಅದು ನನ್ನ ಪರವಾಗಿ ಕೆಲಸ ಮಾಡುವ ಮಾತಲ್ಲ ಎಂದು ಸುಮ್ಮನಾದೆ.

ಮಾರನೆಯ ಬೆಳಿಗ್ಗೆ ಅವನು ಕೆಂಗೇರಿಯಿಂದ ಬಸ್ಸು ಹತ್ತಿ ಬಂದ. ಕುರ್ಚಿ ಎಳೆದುಕೊಂಡು ಟ್ಯಾಂಕಿನ ಮುಂದೆ ಕುಳಿತ. ನನ್ನ ಹೆಂಡತಿ ಚಿಟಿಕೆ ಊಟ ಹಾಕಿದಳು. ನಾನು ಮೀನನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದೆ, ಪರೀಕ್ಷೆಯ ಬಣ್ಣ ನೋಡುವ ಹಾಗೆ. ಹೆಣ್ಣು ಬಂತು. ತಿಂದಿತು. ಗಂಡು ಇನ್ನೂ ಗಿಡದ ಹತ್ತಿರವೇ ಇತ್ತು.

ಅವನು ಕುರ್ಚಿಯನ್ನು ಗಾಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡ. "ಜಾಗ ಬದ್ಲಾಯ್ತಲ್ಲ," ಎಂದ, ಯಾರಿಗೆಂದು ಗೊತ್ತಾಗಲಿಲ್ಲ. ಕಾಫಿ ಕುಡಿದು, ಸ್ಟ್ಯಾಂಡನ್ನು ಒಮ್ಮೆ ಅಲುಗಿಸಿ ನೋಡಿ, ಬಸ್ಸು ಹಿಡಿಯಲು ಹೋದ.

ಸಂಜೆ ನನ್ನ ಫೋನ್ ಬಡಿದುಕೊಂಡಿತು. ಅವನೇ.

"ತಿಂದ್ವಾ?"

"ತಿಂದ್ವು."

"ಸರಿ," ಎಂದು ಇಟ್ಟುಬಿಟ್ಟ.

ಹೆಂಡತಿಗೆ ಕೊಡು ಎನ್ನಲಿಲ್ಲ. ಯಾವುದು ಮೊದಲು ಎಂದೂ ಕೇಳಲಿಲ್ಲ. ನಂಬಿದನೋ, ನಂಬದೆ ಇದ್ದೂ ಇದ್ದೂ ಸುಸ್ತಾದನೋ ತಿಳಿಯದೆ ನಾನು ಫೋನ್ ಹಿಡಿದುಕೊಂಡೇ ನಿಂತಿದ್ದೆ. ಒಳಗಿನಿಂದ ಬಂದ ಹೆಂಡತಿ ಯಾರೆಂದು ಕೇಳಿದಳು. ಹೇಳಿದೆ. ನಿನ್ನನ್ನು ಕೇಳಲಿಲ್ಲ, ನಾನು ಹೇಳಿದ್ದನ್ನೇ ಕೇಳಿ ಸರಿ ಎಂದ ಎಂದೆ.

"ಸುಮ್ನಿರ್ರೀ ಸಾಕು," ಎಂದು ಅವಳು ತನ್ನ ಫೋನ್ ತೆಗೆದು ಅವನಿಗೆ ಮಾಡಿದಳು.